ಲಿಂಬಿಹಣ್ಣು ಬಿದ್ದ ಜಾಗ

ಪಂಥ ಕಟ್ಟುವ ಗಂಡಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ತಮ್ಮದನ್ನು ಪಣಕ್ಕಿಡುವಾಗ ಅವರ ದನಿ ಗಂಟಲಲ್ಲೇ ಇರುತ್ತದೆ. ಬೇರೆಯವರದನ್ನು ಇಡುವಾಗ ಮಾತ್ರ ಊರಗಸಿಯವರೆಗೆ ಕೇಳಿಸುತ್ತದೆ. ನಮ್ಮಪ್ಪನ ದನಿ ಆ ಪಂಚಮಿಯಲ್ಲಿ ಎರಡು ಊರಿಗೆ ಕೇಳಿಸಿತ್ತು.

ನಿಜಾಮರ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿದೆ ಎನ್ನುತ್ತಿದ್ದರು. ನಮಗೆ ಗೊತ್ತಾದದ್ದು ಸೀಮೆಎಣ್ಣೆ ಸಿಗದೇ ಹೋದದ್ದರಿಂದ ಮಾತ್ರ. ನಮ್ಮೂರು ಇರಕಲ್ಲಗಡದ ಆಚೆ, ಕೆಂಪು ಮಸಾರಿ ನೆಲ ಮುಗಿದು ಕಪ್ಪು ಎರೆ ಹೊಲ ಶುರುವಾಗುವಲ್ಲಿ. ನನಗೆ ಹದಿನಾರು. ಆ ಬೇಸಿಗೆಯಲ್ಲೇ ಮದುವೆಯಾಗಿತ್ತು, ಅದೂ ಪಕ್ಕದ ಊರಿಗೆ. ನಮ್ಮ ಊರಬಾಗಿಲ ಅಗಸಿಯಲ್ಲಿ ಬಾಯಿಗೆ ಎಲೆಅಡಿಕೆ ಹಾಕಿಕೊಂಡರೆ ಅದನ್ನು ಉಗುಳುವಷ್ಟರಲ್ಲಿ ನನ್ನ ಗಂಡನ ಊರಿನ ಹನುಮಪ್ಪನ ಗುಡಿ ಬರುತ್ತಿತ್ತು. ಇಷ್ಟು ಹತ್ತಿರಕ್ಕೂ ಅಪ್ಪ, ಮೊದಲ ಪಂಚಮಿ ಎಂದು, ಎತ್ತುಗಳ ಕೊರಳಿಗೆ ಗೆಜ್ಜೆ ಕಟ್ಟಿ ಚಕ್ಕಡಿ ಹೂಡಿಕೊಂಡು ಬಂದು ನನ್ನನ್ನು ತವರಿಗೆ ಕರೆದೊಯ್ದ. ನಾನು ಎರಡು ಸಲ ಅತ್ತು ಮುಗಿಸುವುದರೊಳಗೆ ತವರು ಬಂದುಬಿಟ್ಟಿತ್ತು.

ನಮ್ಮ ಕಡೆ ಪಂಚಮಿ ಎಂದರೆ ಉಂಡಿ, ಜೋಕಾಲಿ ಮತ್ತು ಪಂಥ. ಕಣ್ಣು ಕಟ್ಟಿಕೊಂಡು ಬಾವಿಯ ತನಕ ನಡೆಯುವ ಪಂಥ, ಕೂತಲ್ಲೇ ಇಪ್ಪತ್ತು ಶೇಂಗಾ ಉಂಡಿ ತಿನ್ನುವ ಪಂಥ. ಎಲ್ಲಕ್ಕೂ ದೊಡ್ಡದು ಲಿಂಬಿಹಣ್ಣು ಒಗೆಯುವುದು, ಅಂದರೆ ಎಸೆಯುವುದು. ಒಂದೂರಿನ ಅಗಸಿಯಲ್ಲಿ ನಿಂತು ಲಿಂಬಿಹಣ್ಣು ಒಗೆಯಬೇಕು. ಅದು ಬಿದ್ದಲ್ಲಿ ನಿಂತು ಮತ್ತೆ ಒಗೆಯಬೇಕು. ಹೀಗೆ ಹೇಳಿದಷ್ಟು ಒಗೆತದೊಳಗೆ ಇನ್ನೊಂದೂರಿನ ಗುಡಿಯ ಗೋಡೆ ದಾಟಿಸಬೇಕು. ದಾಟಿಸಿದರೆ ಗೆಲುವು, ಇಲ್ಲದಿದ್ದರೆ ಇಲ್ಲ.

ರೊಟ್ಟಿ ಹಬ್ಬದ ದಿನ ನನ್ನ ಮಾವ ನಮ್ಮ ಮನೆಗೆ ಊಟಕ್ಕೆ ಬಂದರು. ಬೀಗರು ಮನೆಗೆ ಬಂದರೆ ಅಪ್ಪನಿಗೆ ಎದೆ ಎರಡು ಗೇಣು ಹೆಚ್ಚುತ್ತಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮ್ಯಾಲೆ ಕೆನೆ ಮೊಸರು. ಉಂಡ ಹೊಟ್ಟೆಗೆ ಮಾತು ಬೇಕಲ್ಲ. ಮಾವ ಮೀಸೆ ಒರೆಸಿಕೊಳ್ಳುತ್ತಾ, ನಮ್ಮೂರ ಹುಡುಗರು ಹೋದ ವರ್ಷ ನಿಮ್ಮಗಸಿಯಿಂದ ನಮ್ಮ ಗುಡಿಗೆ ನಲವತ್ಮೂರು ಒಗೆತದಲ್ಲಿ ಮುಟ್ಟಿಸಿದರು ಎಂದರು. ಅಷ್ಟು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. "ನಿಮ್ಮೂರಾಗ ಅಂಥಾ ಕೈ ಇಲ್ಲ ಬಿಡ್ರಿ" ಎಂದೂ ಸೇರಿಸಿದರು.

"ಊರು ಯಾಕ? ನಮ್ಮ ಮನೀ ಕೈ ಸಾಕು. ನಲವತ್ತೊಂದರಾಗ ಮುಟ್ಟಸ್ತೈತಿ" ಎಂದ ಅಪ್ಪ.

"ಯಾರ ಕೈ?"

"ಯಾರದರ ಆಗಲಿ. ನಮ್ಮ ಮನೀದಾದ್ರ ಆತಲ್ರಿ?"

ಮಾವ ಕಬೂಲ್ ಎಂದರು, ಶರತ್ತು ಏನು ಎಂದರು. ಅಪ್ಪ ಹಿತ್ತಲ ಕಡೆ ನೋಡಿದ. ಅಲ್ಲಿ ಮೇವಿನ ಗ್ವಾದಲಿಯ ಮುಂದೆ ಎಮ್ಮೆ ಮೆಲುಕು ಹಾಕುತ್ತಾ ನಿಂತಿತ್ತು. "ಆ ಎಮ್ಮಿ ಇಟ್ಟೆ" ಎಂದ. ಮಾವ ಬಿಡುತ್ತಾರೆಯೇ? "ನಮ್ಮ ಬಿಳಿ ಎತ್ತು ಇಟ್ಟೆ" ಎಂದರು. ಹೇಮಗುಡ್ಡದ ದುರ್ಗವ್ವನ ಮೇಲೆ ಆಣೆಯಾಯಿತು. ಇಬ್ಬರೂ ಕೈಮೇಲೆ ಕೈ ಹೊಡೆದುಕೊಂಡರು. ನಡುಮನೆಯ ಬಾಗಿಲ ಹಿಂದೆ ನಾನು ಎಲ್ಲ ಕೇಳುತ್ತಾ ನಿಂತಿದ್ದೆ. ಆ ಎಮ್ಮೆ ಅಪ್ಪನದಲ್ಲ.

ಅದು ಅಕ್ಕನದು. ಅಕ್ಕ ಎಂದರೆ ಅಪ್ಪನ ಅಕ್ಕ, ನನಗೆ ಸೋದರತ್ತೆ. ಅಪ್ಪ ಕರೆಯುವುದನ್ನು ಕೇಳಿ ಕೇಳಿ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಮದುವೆಯಾಗಿ ಮಂಗಳೂರಿಗೆ ಹೋಗಿದ್ದಳು. ಯಲಬುರ್ಗಾ ಕಡೆಯ ಮಂಗಳೂರು, ಸಮುದ್ರದ ಮಂಗಳೂರಲ್ಲ. ಅಲ್ಲಿ ಸಮುದ್ರವಿದ್ದಿದ್ದರೆ ಅಕ್ಕ ಅದನ್ನೂ ಈಜಿ ಬರುತ್ತಿದ್ದಳು. ಮೂರು ವರ್ಷದೊಳಗೆ ಗಂಡ ತೀರಿಕೊಂಡ. ಅವಳ ಪಾಲಿಗೆಂದು ಆ ಮನೆಯವರು ಕೊಟ್ಟದ್ದು ಒಂದು ಎಮ್ಮೆ ಕರು. ಅದನ್ನು ಹಗ್ಗ ಹಿಡಿದು ನಡೆಸಿಕೊಂಡು ತವರಿಗೆ ಬಂದಳು. ಈಗಿನ ಎಮ್ಮೆ ಆ ಕರುವಿನ ಮಗಳು. ಇದರ ತುಪ್ಪವನ್ನು ಅಕ್ಕ ತಾನೇ ಸಂತೆಗೆ ಒಯ್ದು ಮಾರುತ್ತಿದ್ದಳು. ಸೀರೆ, ಎಲೆಅಡಿಕೆ, ನನಗೆ ಬಳೆ, ಯಾವುದಕ್ಕೂ ಅವಳು ತಮ್ಮನ ಮುಂದೆ ಕೈ ಒಡ್ಡಿದವಳಲ್ಲ. ಎಮ್ಮೆ ಹೋದರೆ ಅಕ್ಕ ನಮ್ಮ ಮನೆಯಲ್ಲಿ ತುತ್ತಿಗೆ ಕಾಯುವ ವಿಧವೆ. ಎಮ್ಮೆ ಇದ್ದರೆ ಅವಳು ಅಕ್ಕ. ಅಷ್ಟೇ ವ್ಯತ್ಯಾಸ, ಆದರೆ ಬಹಳ ದೊಡ್ಡದು.

ಅಪ್ಪನ ಲೆಕ್ಕದಲ್ಲಿ ಒಗೆಯುವ ಕೈ ತನ್ನದೇ. ಆದರೆ ಅವತ್ತೇ ಸಂಜೆ ಬೀಗರಿಗೆ ತನ್ನ ರೆಟ್ಟೆ ತೋರಿಸುವ ಹುಕಿ ಬಂತು. ಬೇವಿನ ಗಿಡದ ಜೋಕಾಲಿ ಹತ್ತಿ, ನಿಂತುಕೊಂಡು ಜೀಕಿದ. ಮೂರನೇ ಜೀಕಿಗೆ ಜೋಕಾಲಿ ಮೇಲೆ ಹೋಯಿತು, ಅಪ್ಪ ಹೋಗಲಿಲ್ಲ. ಬಲಭುಜ ಕುಂಬಳಕಾಯಿಯಷ್ಟು ಊದಿತು. ಅವ್ವ ಅರಿಶಿಣ ಸುಣ್ಣ ಕಲಸಿ ಪಟ್ಟು ಹಾಕಿ, ಹರಕು ಧೋತರದಿಂದ ಕೈಯನ್ನು ಕೊರಳಿಗೆ ಕಟ್ಟಿದಳು. ಮಾವ ತುಂಬಾ ಮರುಗಿದರು. ಎಮ್ಮೆಯ ಕೋಡು ಸವರುತ್ತಾ ಮರುಗಿದರು.

ಮನೆಯಲ್ಲಿ ಗಂಡುಮಕ್ಕಳಿಲ್ಲ. ಆಳು ಮನೆಯ ಕೈಯಲ್ಲ. ನಾನು ಆಗಲೇ ಬೀಗರ ಮನೆಯವಳು. ಅವ್ವ ಬೆಕ್ಕಿಗೆ ಕಟ್ಟಿಗೆ ಒಗೆದರೆ ಅದು ಅಪ್ಪನಿಗೆ ಬೀಳುತ್ತಿತ್ತು. ಕಡೆಗೆ ಅಪ್ಪ ಎಮ್ಮೆ ಹಿಂಡುತ್ತಿದ್ದ ಅಕ್ಕನ ಹತ್ತಿರ ಹೋಗಿ ನಿಂತು, ಇದ್ದದ್ದನ್ನು ಇದ್ದಹಾಗೆ ಹೇಳಿದ. ಅಕ್ಕ ಹಿಂಡುವುದನ್ನು ನಿಲ್ಲಿಸಲಿಲ್ಲ. ತಂಬಿಗೆ ತುಂಬಿದ ಮೇಲೆ ಎದ್ದಳು.

"ಪಾಂಡವರ ಹಿರಿಯಣ್ಣ ಪಗಡಿ ಆಡಿ ಹೆಂಡತೀನ ಇಟ್ಟ. ಆಕಿ ಅವನ ಹೆಂಡತಿಯಾರ ಆಗಿದ್ಲು. ನೀ ಅಕ್ಕನ ಎಮ್ಮಿ ಇಟ್ಟಿ. ನೀ ಆ ರಾಜಗಿಂತ ಶಾಣ್ಯಾ ಅದೀಪಾ" ಎಂದಳು.

"ಹಂಗಲ್ಲಕ್ಕಾ, ಧೈರ್ಯ ಬೇಕು ನೋಡು. ಹನುಮಪ್ಪ ಧೈರ್ಯ ಮಾಡಿದ್ದಕ್ಕ ಸಮುದ್ರ ಹಾರಿದ."

"ಹಾರುವಾಗ ಯಾರ ಎಮ್ಮಿ ಇಟ್ಟಿದ್ದ?"

 ಅವ್ವ, ಪಂಚರ ಮುಂದೆ ಹೋಗಿ ಎಮ್ಮೆ ನನ್ನದು ಎಂದು ಹೇಳು, ಪಂಥ ಮುರಿದುಬೀಳುತ್ತದೆ ಎಂದಳು. ಅಕ್ಕ ತಂಬಿಗೆಯನ್ನು ಒಳಗಿಟ್ಟು ಬಂದಳು. ಆಮೇಲೆ, "ಇಪ್ಪತ್ತು ವರ್ಷ ಆತು ಜ್ವಾಳದ ಹೊಲದಾಗ ಹಕ್ಕಿ ಹೊಡ್ಯಾಕ ಹತ್ತಿ. ನನ್ನ ಒಗೆತ ನೋಡಿದವು ಗಿಣಿ ಅಷ್ಟ. ಒಮ್ಮ್ಯಾರ ಮಂದಿ ನೋಡ್ಲಿ" ಎಂದಳು. ಹಾಗೆನ್ನುವಾಗ ಅವಳ ಮುಖದಲ್ಲಿ ಬಂದ ಕಳೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಹೆದರಿಕೆಯೂ ಆಯಿತು, ಕುಣಿಯಬೇಕು ಎಂದೂ ಅನ್ನಿಸಿತು.

ಅವಳು ಹೇಳಿದ್ದು ನಿಜ. ಜೋಳ ಹಾಲುಗಾಳಾದಾಗಿನಿಂದ ಕೊಯ್ಯುವ ತನಕ ಅಕ್ಕ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಕೂತಿರುತ್ತಿದ್ದಳು. ಕವಣೆ ಹರಿದರೆ ಬರಿಗೈಯಿಂದಲೇ ಮಣ್ಣ ಹೆಂಟೆ ಒಗೆಯುತ್ತಿದ್ದಳು. ಒಗೆದದ್ದು ಎಲ್ಲಿ ಬೀಳುತ್ತದೆ ಎಂದು ಕೈಯಿಂದ ಬಿಡುವಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ನೋಡುವ ತಸದಿಯನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ಮರುದಿನ ಹುತ್ತಕ್ಕೆ ಹಾಲೆರೆಯಲು ಹೋದಾಗ ಅಕ್ಕ ಪ್ರತಿ ವರ್ಷದಂತೆ ಹಾವಿನ ತಾಯಿಯ ಕಥೆ ಹೇಳಿದಳು. ಹಾವುಗಳ ತಾಯಿ ಮತ್ತು ಗರುಡನ ತಾಯಿ ಅಕ್ಕತಂಗಿಯರು. ದೇವರ ಬಿಳಿ ಕುದುರೆಯನ್ನು ದೂರದಿಂದ ನೋಡಿ ಪಂಥ ಕಟ್ಟಿದರು. ಬಾಲ ಕಪ್ಪು ಎಂದಳು ಒಬ್ಬಳು, ಬಿಳುಪು ಎಂದಳು ಇನ್ನೊಬ್ಬಳು. ಸೋತವಳು ಗೆದ್ದವಳ ದಾಸಿ. ಬಾಲ ಬಿಳಿಯದೆಂದು ಗೊತ್ತಾಗಿ ಹಾವುಗಳ ತಾಯಿ ತನ್ನ ಮಕ್ಕಳಿಗೆ, ಹೋಗಿ ಬಾಲಕ್ಕೆ ಜೋತುಬೀಳಿ, ಕಪ್ಪು ಕಾಣಲಿ ಎಂದಳು. ಕೆಲವು ಮರಿಗಳು ಹೋದವು. ಕೆಲವು, ಇದು ಮೋಸ, ಒಲ್ಲೆವು ಎಂದವು. ಅವಕ್ಕೆ ತಾಯಿಯ ಶಾಪ ತಟ್ಟಿತು. ಪಂಥವನ್ನಂತೂ ತಾಯಿ ಗೆದ್ದಳು.

ಕಥೆ ಕೇಳಿದರೆ ಬುದ್ಧಿ ಬರಬೇಕು. ನನಗೆ ಉಪಾಯ ಬಂತು.

ಹಾಲೆರೆದ ಮರುದಿನ ಊಟವಾದ ಮೇಲೆ ಅಗಸಿಯಲ್ಲಿ ಎರಡೂ ಊರ ಮಂದಿ ನೆರೆಯಿತು. ಅಕ್ಕ ಕಚ್ಚೆ ಬಿಗಿದು, ಸೆರಗನ್ನು ನಡುವಿಗೆ ಸಿಕ್ಕಿಸಿ ಬಂದಾಗ ಮೊದಲು ನಗೆ ಎದ್ದಿತು. ಮಾವ, ಹೆಂಗಸಿನ ಮೇಲೆ ಪಂಥ ಗೆದ್ದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಕೊಂಕಿದರು. "ಮನೀ ಕೈ ಅಂದಿದ್ರಿ. ಬಳಿ ಇರಬಾರದು ಅಂದಿದ್ರೇನು?" ಎಂದಳು ಅಕ್ಕ. ಅವಳ ಕೈಯಲ್ಲಿ ಬಳೆಯೂ ಇರಲಿಲ್ಲ ಎಂಬುದು ಆಗ ಎಲ್ಲರಿಗೂ ನೆನಪಾಗಿ ನಗೆ ನಿಂತಿತು. ಮಾವ ತಮ್ಮೂರ ಗುಡಿಯ ಕಟ್ಟೆಯಲ್ಲಿ ಕಾಯುತ್ತೇನೆಂದು ಚಕ್ಕಡಿ ಹತ್ತಿ ಹೋದರು. ಬಿಳಿ ಎತ್ತನ್ನು ಆಗಲೇ ಅಲ್ಲಿ ಕಟ್ಟಿಸಿದ್ದರು. ನಮ್ಮ ಎಮ್ಮೆಯನ್ನೂ ಹೊಡೆದುಕೊಂಡು ಹೋದರು, ಗೆದ್ದ ಮೇಲೆ ಮತ್ತೆ ಬಂದು ಒಯ್ಯುವ ತ್ರಾಸು ಯಾಕೆ ಎಂದು.

ಎಣಿಸುವ ಕೆಲಸ ನಮ್ಮೂರ ಪೂಜಾರಿಯದು. ಹಿಂದೊಮ್ಮೆ ಎಣಿಸಲೆಂದು ಅವನ ಕೈಗೆ ಶೇಂಗಾ ಕೊಟ್ಟಿದ್ದರಂತೆ. ಹನುಮಪ್ಪನ ಗುಡಿ ಬರುವುದರೊಳಗೆ ಪಂಥವನ್ನೇ ತಿಂದು ಮುಗಿಸಿದ್ದ. ಅದಕ್ಕೆ ಈ ಸಲ ನಲವತ್ತೊಂದು ಬೆಣಚುಕಲ್ಲು ಕೊಟ್ಟಿದ್ದರು. ಒಂದು ಒಗೆತಕ್ಕೆ ಒಂದು ಕಲ್ಲು ಬಿಸಾಡಬೇಕು. ಬಿದ್ದ ಹಣ್ಣಿನ ಹತ್ತಿರ ಮೊದಲು ಓಡಿ ಹೋಗಿ ನಿಲ್ಲುವ ಕೆಲಸ ನನ್ನದು. ಎರಡೂ ಮನೆಗೆ ಸೇರಿದವಳು ಎಂದು ಎರಡೂ ಊರಿನವರು ನನ್ನನ್ನು ನಂಬಿದ್ದರು. ಪಾಪ.

ಮೊದಲ ಒಗೆತಕ್ಕೇ ಹಣ್ಣು ಹಳ್ಳದ ದಾರಿ ದಾಟಿ ಬಿತ್ತು. ಮಂದಿ ಹೋ ಎಂದಿತು. ಹತ್ತು, ಹದಿನೈದು, ಇಪ್ಪತ್ತು. ಅಕ್ಕ ಮಾತಿಲ್ಲದೆ ನಡೆದಳು, ಬಗ್ಗಿದಳು, ಒಗೆದಳು. ಅಪ್ಪ ಮಾತ್ರ ಕೊರಳಿಗೆ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಡೆಯುತ್ತಾ, "ಸ್ವಲ್ಪ ಮ್ಯಾಲೆ ಒಗಿ ಅಕ್ಕಾ, ಗಾಳಿ ನೋಡು ಅಕ್ಕಾ" ಎನ್ನುತ್ತಿದ್ದ. ಇಪ್ಪತ್ತೈದನೆಯದಕ್ಕೆ ಅಕ್ಕ ತಿರುಗಿ, "ನಿನ್ನ ಭುಜ ಹ್ಯಾಂಗೈತೋ?" ಎಂದು ಕೇಳಿದಳು. ಅಲ್ಲಿಂದ ಮುಂದೆ ಅಪ್ಪ ಗಾಳಿಯ ವಿಷಯ ಎತ್ತಲಿಲ್ಲ.

ಮೂವತ್ತು ದಾಟಿದ ಮೇಲೆ ಅವಳ ಕೈ ಸೋಲತೊಡಗಿತು.  ಮೂವತ್ತೆಂಟನೆಯ ಒಗೆತ ಸಜ್ಜಿಯ ಹೊಲದೊಳಗೆ ಹೋಯಿತು. ನಡುಮಟ್ಟ ಬೆಳೆದ ಪೈರು. ನಾನು ಒಳಗೆ ನುಗ್ಗಿದೆ. ಹಣ್ಣು ಸಿಕ್ಕಿತು. ಸುತ್ತ ಯಾರೂ ಇರಲಿಲ್ಲ. ಹಾವಿನ ಮರಿಗಳು ನೆನಪಾದವು. ಹಣ್ಣನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು, ಹುಡುಕುವವಳ ಹಾಗೆ ಬಗ್ಗಿಕೊಂಡೇ, ಏಳು ಹೆಜ್ಜೆ ಮುಂದೆ ಹೋಗಿ ಬಿಟ್ಟೆ. ಆಮೇಲೆ "ಇಲ್ಲೈತ್ರಿ!" ಎಂದು ಕೂಗಿದೆ. ನನ್ನ ಮಾವನ ಎತ್ತು, ನನ್ನ ಗಂಡನ ಹೊಲ ಉಳುವ ಎತ್ತು. ಇವತ್ತಿಗೂ ನನಗೆ ಅದಕ್ಕೆ ನಾಚಿಕೆ ಬಂದಿಲ್ಲ, ಬರಲಿ ಎಂದು ಕಾದದ್ದೂ ಇಲ್ಲ.

ಅಕ್ಕ ಬಂದಳು. ಹಣ್ಣು ನೋಡಿದಳು, ನನ್ನ ಕಾಲು ನೋಡಿದಳು. ಹಣ್ಣೆತ್ತಿಕೊಂಡು ಹಿಂದೆ ನಡೆದಳು. ಒಂದು, ಎರಡು, ಏಳು ಹೆಜ್ಜೆ. ಸರಿಯಾಗಿ ಅದು ಬಿದ್ದ ಜಾಗದಲ್ಲೇ ನಿಂತಳು. ಯಾಕೆ ಹಿಂದೆ ಹೋದಳೆಂದು ಮಂದಿಗೆ ತಿಳಿಯಲಿಲ್ಲ. ಪೂಜಾರಿ, "ಓಡಿ ಬಂದು ಒಗ್ಯಾಕಿರಬೇಕು" ಎಂದ. ನಾನು ಪಕ್ಕಕ್ಕೆ ಸರಿಯುವಾಗ ಅಕ್ಕ ನನಗಷ್ಟೇ ಕೇಳುವ ಹಾಗೆ, "ಆ ಮರಿಯೊಳಗ ನೀ ಯಾವದವ್ವ?" ಎಂದಳು. 

ಮೂವತ್ತೊಂಬತ್ತು. ನಲವತ್ತು. ಪೂಜಾರಿಯ ಕೈಯಲ್ಲಿ ಒಂದೇ ಕಲ್ಲು ಉಳಿಯಿತು. ಎದುರಿಗೆ ಗುಡಿಯ ಗಿಡ್ಡ ಗೋಡೆ. ದನ ನುಗ್ಗಬಾರದೆಂದು ಗೋಡೆಯ ಹೊರಗೆ ಜಾಲಿಮುಳ್ಳಿನ ಬೇಲಿ. ಒಳಗೆ ಗೋಡೆಯಾಚೆಗೂ ಕೊಂಬೆ ಚಾಚಿದ ದೊಡ್ಡ ಬೇವಿನ ಗಿಡ, ಅದರ ಕೊಂಬೆಗೆ ಜೋಕಾಲಿ, ಜೋಕಾಲಿಯ ಸುತ್ತ ಆ ಊರ ಹೆಂಗಸರು. ಆಚೆ ಕಟ್ಟೆಯ ಮೇಲೆ ಮಾವ ಮತ್ತು ಗಂಡಸರು. ಅಕ್ಕ ಸೆರಗಿನಿಂದ ಅಂಗೈ ಒರೆಸಿಕೊಂಡಳು. ಅವಳು ಆ ಹೊತ್ತಿಗೆ ಒಂದು ಸಲ ಎಮ್ಮೆಯ ಕಡೆ ನೋಡಿದಳು, ಅಷ್ಟೇ. ಒಗೆದಳು.

ಹಣ್ಣು ಬೇವಿನ ಗಿಡದ ತಲೆಗೆ ಹೋಯಿತು. ಎಲೆ ಸರಸರ ಎಂದಿತು. ಎಲ್ಲಿ ಬಿತ್ತೋ ಯಾರಿಗೂ ಕಾಣಲಿಲ್ಲ. ಕಟ್ಟೆಯ ಮೇಲಿನವರು ಹೊರಗೆ ಎಂದರು, ನಾವು ಒಳಗೆ ಎಂದೆವು. ಆಗ ಗೋಡೆಗೆ ಹತ್ತಿ ಒಳಗಡೆ ಒಬ್ಬರೇ ನಿಂತಿದ್ದ ಹೆಂಗಸು ಎಡಗೈಯಲ್ಲಿ ಲಿಂಬಿಹಣ್ಣು ಎತ್ತಿ ತೋರಿಸಿದರು. ನನ್ನ ಅತ್ತೆ. ಮಾವನ ಮುಂದೆ ಎಂದೂ ಗಟ್ಟಿಯಾಗಿ ಮಾತಾಡದ ನನ್ನ ಅತ್ತೆ.

"ಇಲ್ಲೈತಿ. ನನ್ನ ಕಾಲ ಬುಡಕ ಬಿತ್ತು" ಎಂದರು.

"ಖರೇನಾ?" ಎಂದರು ಮಾವ.

"ಹನುಮಪ್ಪನ ಗುಡಿಯಾಗ ನಿಂತೇನಿ" ಎಂದರು ಅತ್ತೆ. ಬಲಗೈಗೆ ಸೆರಗು ಸುತ್ತಿಕೊಂಡಿದ್ದರು. ಸ್ವಂತ ಹೆಂಡತಿ ಗಂಡನ ಎತ್ತಿನ ವಿರುದ್ಧ ಸುಳ್ಳು ಹೇಳುತ್ತಾಳೆಂದು ಯಾವ ಗಂಡಸು ತಾನೇ ನಂಬುತ್ತಾನೆ? ಫೈಸಲಾ ಆಗಿಹೋಯಿತು.

ಮನೆಗೆ ಬಂದು ಅಪ್ಪ ಬಿಳಿ ಎತ್ತನ್ನು ತನ್ನ ಎತ್ತುಗಳ ಪಕ್ಕಕ್ಕೆ ಕಟ್ಟಲು ಹೋದ. ಅಕ್ಕ ಅವನ ಎಡಗೈಯಿಂದ ಹಗ್ಗ ಬಿಡಿಸಿಕೊಂಡಳು. "ಇದು ಯಾರದು?" ಎಂದಳು.

"ಮನೀದು."

"ಸೋಲೂವಾಗ ಎಮ್ಮಿ ನಂದು, ಗೆದ್ದ ಮ್ಯಾಲೆ ಎತ್ತು ಮನೀದೇನು?"

ಎತ್ತು ಎಮ್ಮೆಯ ಪಕ್ಕದಲ್ಲಿ ನಿಂತಿತು. ಒಂಟಿ ಎತ್ತು ಕಟ್ಟಿಕೊಂಡು ಹೆಂಗಸು ಏನು ಮಾಡುತ್ತಾಳೆ ಎಂದು ಅಪ್ಪ ನಕ್ಕ. ಎರಡು ದಿನಕ್ಕೆ ಅಪ್ಪನ ಮುದಿ ಎತ್ತು ಕಾಲು ಉಳುಕಿಸಿಕೊಂಡಿತು. ಬೆಳೆಯ ಸಾಲಿನ ಕಳೆ ತೆಗೆಯಲು ಎಡೆ ಹೊಡೆಯುವ ಹೊತ್ತು, ಬಿಡುವ ಹಾಗಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಗ್ವಾದಲಿಯ ಮುಂದೆ ನಿಂತು, "ಅಕ್ಕಾ, ಇವತ್ತೊಂದಿನ ಎತ್ತು ಕೊಡ್ತಿಯೇನು?" ಎನ್ನುತ್ತಿದ್ದ. ಅಕ್ಕ ಕೇಳಿಸದವಳಂತೆ ಎಮ್ಮೆ ಹಿಂಡುತ್ತಿದ್ದಳು. ಎರಡನೇ ಸಲ ಕೇಳಿದ ಮೇಲೆ ಕೊಟ್ಟಳು. ಆಮೇಲೆ ನನಗೆ ಗೊತ್ತಿರುವಷ್ಟು ಕಾಲವೂ ಅವನು ದಿನಾ ಎರಡು ಸಲ ಕೇಳಿದ, ಅವಳು ದಿನಾ ಎರಡನೇ ಸಲಕ್ಕೆ ಕೊಟ್ಟಳು.

ಹಬ್ಬ ಮುಗಿದು ನಾನು ಗಂಡನ ಮನೆಗೆ ಹೊರಟೆ. ಉಂಡಿ ಬುಟ್ಟಿಯಲ್ಲಿ ಅಕ್ಕ ಒಂದು ಸಣ್ಣ ಕುಡಿಕೆ ತುಪ್ಪ ಇಟ್ಟಳು. "ನಿಮ್ಮತ್ತಿಗೆ ಕೊಡು. ಕೈಗೆ ಹಚ್ಚಿಕೋ ಅಂತ ಹೇಳು" ಎಂದಳು. ಸೋತವರಿಗೆ ಇದೆಂಥ ಚೇಷ್ಟೆ ಎಂದುಕೊಂಡೆ. ಕುಡಿಕೆಯನ್ನು ತೋರಿಸಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ದಾರಿ ಗಿಡ್ಡ, ಯೋಚನೆ ಮುಗಿಯಲಿಲ್ಲ.

ಮಾವ ಜಗುಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಒಳಗೆ ಅತ್ತೆ ಎಡಗೈಯಿಂದ ರೊಟ್ಟಿ ತಟ್ಟಲು ಹೆಣಗುತ್ತಿದ್ದರು. ಬಲ ಮುಂಗೈ ಕೆಂಪಗೆ ಬಾತಿತ್ತು. ನಾನು ಸೂಜಿ ತಂದು, ಬೆಳಕಿಗೆ ಕೂರಿಸಿ, ಕೆದಕಿ ತೆಗೆದೆ. ಅರ್ಧ ಬೆರಳಿನಷ್ಟುದ್ದದ ಜಾಲಿಮುಳ್ಳು.

"ಬೇಲಿಯಾಗ ಕೈ ಯಾಕ ಹಾಕಿದ್ರಿ?" ಎಂದೆ.

ಅತ್ತೆ ಜಗುಲಿಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು. "ಲಿಂಬಿಹಣ್ಣು ಅಲ್ಲೇ ಬಿದ್ದಿತ್ತು. ಗ್ವಾಡಿ ದಾಟಿರಲಿಲ್ಲವ್ವ. ಒಂದ ಮೊಳ ಕಡಿಮಿ."

 ಏಳು ಹೆಜ್ಜೆಯ ಕಥೆಯನ್ನು ನಾನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡರೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಂದ್ರ ಆಕಿ ಖರೇತನಕ್ಕ ನನ್ನ ಕೈ ಹರೀತು!"

"ಮತ್ತ ಎತ್ತು ಹೋತಲ್ರಿ. ನಿಮ್ಮ ಮನೀದ ಎತ್ತು."

ಅತ್ತೆಯ ನಗು ನಿಂತಿತು. "ಮನೀದಲ್ಲ. ನಂದು. ನನ್ನ ತವರಿನವರು ಕೊಟ್ಟಿದ್ದು, ಹಾಲ ಕುಡಿಸಿ ಬೆಳೆಸಿದ್ದೆ. ನನ್ನ ಕೇಳದ ಇಟ್ರು. ನಾನೂ ಅವರನ್ನ ಕೇಳದ ಕೊಟ್ಟೆ" ಎಂದರು.

ಆಗ ನಾನು ಬುಟ್ಟಿಯಿಂದ ಕುಡಿಕೆ ತೆಗೆದು ಅವರ ಮುಂದಿಟ್ಟೆ. ಅಕ್ಕ ಹೇಳಿದ ಮಾತನ್ನು ಹಾಗೆಯೇ ಹೇಳಿದೆ. ಅತ್ತೆ ಕುಡಿಕೆಯನ್ನು ನೋಡಿದರು, ಬಾತ ಕೈಯನ್ನು ನೋಡಿಕೊಂಡರು.

"ಆಕಿಗೆ ಗೊತ್ತೈತೇನು?"

"ಒಗೆದದ್ದು ಎಲ್ಲಿ ಬಿತ್ತು ಅನ್ನೂದು ಆಕಿಗೆ ಯಾವಾಗ್ಲೂ ಗೊತ್ತಿರತೈತ್ರಿ" ಎಂದೆ.

 ಅತ್ತೆ ಬೆರಳ ತುದಿಯಲ್ಲಿ ತುಪ್ಪ ತೆಗೆದು ಗಾಯಕ್ಕೆ ಹಚ್ಚಿಕೊಂಡರು, ನಿಧಾನವಾಗಿ, ಹಬ್ಬದ ದಿನ ಅರಿಶಿಣ ಹಚ್ಚಿಕೊಳ್ಳುವ ಹಾಗೆ. ಜಗುಲಿಯಿಂದ ಮಾವ, ಅತ್ತೆಸೊಸೆ ಒಳಗೆ ಏನು ಗುಸುಗುಸು ನಡೆಸಿದ್ದೀರಿ ಎಂದು ಗದರಿದರು.

"ಏನಿಲ್ರಿ, ಮುಳ್ಳು ಬಂತು" ಎಂದರು ಅತ್ತೆ.